ಕೇಂದ್ರಕ್ಕೆ ಎಷ್ಟು, ಯಂತ್ರಕ್ಕೆ ಎಷ್ಟು: ವರ್ಚುವಲ್ ಡೇಟಾ ಸೆಂಟರುಗಳ ಆಡಳಿತ ತಂತ್ರಾಂಶದ ಇತಿಹಾಸ

ಒಂದು ಭೌತಿಕ ಕಂಪ್ಯೂಟರಿನ ಮೇಲೆ ಹಲವು ಸ್ವತಂತ್ರ ಕಂಪ್ಯೂಟರುಗಳು ನಡೆಯುತ್ತಿರುವಂತೆ ತಂತ್ರಾಂಶದ ಮೂಲಕ ಏರ್ಪಾಟು ಮಾಡುವ ವಿಧಾನಕ್ಕೆ ವರ್ಚುವಲೈಸೇಶನ್ ಎಂದು ಹೆಸರು. ಹಾಗೆ ರೂಪುಗೊಂಡ ಒಂದೊಂದು ಕಂಪ್ಯೂಟರನ್ನು ವರ್ಚುವಲ್ ಮಷಿನ್ ಎಂದೂ, ಭೌತಿಕ ಯಂತ್ರದ ಪ್ರೊಸೆಸರ್, ಮೆಮೊರಿ ಮತ್ತು ಡಿಸ್ಕುಗಳನ್ನು ಅವುಗಳ ನಡುವೆ ಹಂಚುವ ತಂತ್ರಾಂಶವನ್ನು ಹೈಪರ್‌ವೈಸರ್ ಎಂದೂ ಕರೆಯುವುದು ರೂಢಿ. ಈ ಕ್ಷೇತ್ರದ ಇತಿಹಾಸವನ್ನು ಹೇಳುವಾಗ ಹೈಪರ್‌ವೈಸರಿನ ಜಾಣ್ಮೆಗೇ ಹೆಚ್ಚು ಗಮನ ಸಲ್ಲುತ್ತದೆ. ಆದರೆ ನೂರಾರು ಸರ್ವರುಗಳಿರುವ ಡೇಟಾ ಸೆಂಟರಿನ ದಿನನಿತ್ಯದ ಕೆಲಸದ ಸ್ವರೂಪವನ್ನು ಬದಲಿಸಿದ್ದು, ಆ ಎಲ್ಲ ಹೈಪರ್‌ವೈಸರುಗಳನ್ನು ಒಂದೇ ಕಡೆಯಿಂದ ನೋಡುವ, ನಡೆಸುವ, ಕೊನೆಗೆ ಅವುಗಳ ಪರವಾಗಿ ತೀರ್ಮಾನವನ್ನೂ ಕೈಗೊಳ್ಳುವ ಆಡಳಿತ ತಂತ್ರಾಂಶ. ವಿಎಂವೇರ್ ಕಂಪನಿ 2003ರಲ್ಲಿ ವರ್ಚುವಲ್‌ಸೆಂಟರ್ ಎಂಬ ಹೆಸರಿನಲ್ಲಿ ಹೊರತಂದು, 2009ರ ಆವೃತ್ತಿಯಿಂದ ವಿ-ಸೆಂಟರ್ ಸರ್ವರ್ ಎಂದು ಕರೆದ ತಂತ್ರಾಂಶ ಈ ವರ್ಗದಲ್ಲಿ ಪ್ರಮುಖವಾದುದು. ಅದರ ಎರಡು ದಶಕಗಳ ಬೆಳವಣಿಗೆಯ ಉದ್ದಕ್ಕೂ ಒಂದೇ ಪ್ರಶ್ನೆ ಬೇರೆ ಬೇರೆ ರೂಪಗಳಲ್ಲಿ ಎದುರಾಗುತ್ತ ಬಂದಿದೆ: ಯಾವ ಅಧಿಕಾರ ಕೇಂದ್ರದಲ್ಲಿರಬೇಕು, ಯಾವುದು ಆಯಾ ಯಂತ್ರದ ಬಳಿಯೇ ಉಳಿಯಬೇಕು?

ಒಂದೇ ಯಂತ್ರದ ಕಾಲ

ಈ ಪ್ರಶ್ನೆಗೆ ಎಡೆಯೇ ಇಲ್ಲದ ಕಾಲವೊಂದಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿ ಐಬಿಎಂ ಕಂಪನಿ ನಡೆಸುತ್ತಿದ್ದ ವೈಜ್ಞಾನಿಕ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಲೆಸ್ ಕೊಮೊ ಮೊದಲಾದವರು 1964ರಲ್ಲಿ ಕೈಗೆತ್ತಿಕೊಂಡ ಸಿಪಿ-40 ಎಂಬ ವ್ಯವಸ್ಥೆ 1967ರ ಆರಂಭದಲ್ಲಿ ಬಳಕೆಗೆ ಬಂದು, ಮಾರ್ಪಡಿಸಿದ ಒಂದು ಸಿಸ್ಟಂ/360 ಯಂತ್ರದ ಮೇಲೆ ಹದಿನಾಲ್ಕು ವರ್ಚುವಲ್ ಮಷಿನ್‌ಗಳನ್ನು ನಡೆಸುತ್ತಿತ್ತು. ಅದರ ಮುಂದುವರಿದ ರೂಪಗಳಾದ ಸಿಪಿ-67 ಮತ್ತು 1972ರ ಆಗಸ್ಟ್ 2ರಂದು ಪ್ರಕಟವಾದ ವಿಎಂ/370 ಗಳಲ್ಲಿ ಆಡಳಿತದ ಮೂಲ ಸಲಕರಣೆಗಳು ಆಗಲೇ ಕಾಣಿಸುತ್ತವೆ. ವಿಎಂ/370ರಲ್ಲಿ ಡೈರೆಕ್ಟರಿ ಎಂಬ ಒಂದು ಪಟ್ಟಿಯಿದ್ದು, ಪ್ರತಿಯೊಂದು ವರ್ಚುವಲ್ ಮಷಿನ್‌ಗೆ ಎಷ್ಟು ಮೆಮೊರಿ, ಡಿಸ್ಕಿನ ಯಾವ ಭಾಗ, ಯಾವ ಗುಪ್ತಪದ, ಯಾವ ಮಟ್ಟದ ಅಧಿಕಾರ ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತಿತ್ತು. ಆಜ್ಞೆಗಳನ್ನು ಅಕ್ಷರಗಳಿಂದ ಗುರುತಿಸುವ ವರ್ಗಗಳಾಗಿ ವಿಂಗಡಿಸಿ, ಇಡೀ ಯಂತ್ರವನ್ನು ನಿಲ್ಲಿಸಬಲ್ಲ ಎ ವರ್ಗವನ್ನು ಮುಖ್ಯ ಆಪರೇಟರಿಗೂ, ತನ್ನ ಮಷಿನ್ನಿನ ಮಟ್ಟಿಗೆ ಮಾತ್ರ ಸಲ್ಲುವ ಜಿ ವರ್ಗವನ್ನು ಸಾಮಾನ್ಯ ಬಳಕೆದಾರನಿಗೂ ಕೊಡಲಾಗುತ್ತಿತ್ತು. ಪಟ್ಟಿ, ಪಾಲು, ಅಧಿಕಾರದ ಶ್ರೇಣಿ ಎಂಬ ಈ ಮೂರೂ ಮುಂದೆ ಬಂದ ಎಲ್ಲ ಆಡಳಿತ ತಂತ್ರಾಂಶಗಳಲ್ಲಿ ಉಳಿದುಕೊಂಡವು. ಆದರೆ ಭೌತಿಕ ಯಂತ್ರ ಒಂದೇ ಆಗಿದ್ದುದರಿಂದ ಕೇಂದ್ರವೂ ಅದೇ, ಕೆಲಸ ನಡೆಯುವ ಸ್ಥಳವೂ ಅದೇ ಆಗಿತ್ತು. ಎರಡರ ನಡುವೆ ಅಧಿಕಾರವನ್ನು ಹಂಚುವ ಸಂದರ್ಭವೇ ಬರಲಿಲ್ಲ.

ಆ ಸಂದರ್ಭವನ್ನು ತಂದೊಡ್ಡಿದ್ದು ಅಗ್ಗದ ಸರ್ವರುಗಳ ಯುಗ. 1980 ಮತ್ತು 1990ರ ದಶಕಗಳಲ್ಲಿ ಇಂಟೆಲ್‌ನ ಎಕ್ಸ್86 ಪ್ರೊಸೆಸರುಗಳನ್ನು ಆಧರಿಸಿದ ಸಣ್ಣ ಸರ್ವರುಗಳು ಕಚೇರಿಗಳಿಗೂ ಬ್ಯಾಂಕುಗಳಿಗೂ ಬಂದವು. ಒಂದು ಸರ್ವರಿನ ಮೇಲೆ ಎರಡು ಅಪ್ಲಿಕೇಶನ್‌ಗಳನ್ನು ಹಾಕಿದರೆ ಒಂದರ ದೋಷ ಇನ್ನೊಂದನ್ನು ಕೆಡವುತ್ತದೆಂಬ ಅನುಭವದಿಂದ ಪ್ರತಿಯೊಂದು ಅಪ್ಲಿಕೇಶನ್‌ಗೂ ಪ್ರತ್ಯೇಕ ಸರ್ವರ್ ಇಡುವುದು ವಾಡಿಕೆಯಾಯಿತು. ಪರಿಣಾಮವಾಗಿ ವಿದ್ಯುತ್ತನ್ನೂ ತಂಪುಗಾಳಿಯನ್ನೂ ಪೂರ್ತಿಯಾಗಿ ಬಳಸುತ್ತ, ತಮ್ಮ ಸಾಮರ್ಥ್ಯದ ಅಲ್ಪ ಭಾಗವನ್ನಷ್ಟೇ ದುಡಿಸುತ್ತಿದ್ದ ಸರ್ವರುಗಳು ಸಾಲುಸಾಲಾಗಿ ನಿಂತವು. ಇವುಗಳನ್ನು ವರ್ಚುವಲ್ ಮಷಿನ್‌ಗಳಾಗಿಸಿ ಕೆಲವೇ ಸರ್ವರುಗಳ ಮೇಲೆ ಒಟ್ಟುಗೂಡಿಸಬಹುದಿತ್ತಾದರೂ ಅದಕ್ಕೆ ಪ್ರೊಸೆಸರಿನ ವಿನ್ಯಾಸವೇ ಅಡ್ಡಿಯಾಗಿತ್ತು. ಒಂದು ಪ್ರೊಸೆಸರನ್ನು ಸರಳವಾಗಿ ವರ್ಚುವಲೈಸ್ ಮಾಡಬೇಕಾದರೆ ಯಂತ್ರದ ಸ್ಥಿತಿಯನ್ನು ಮುಟ್ಟುವ ಸೂಕ್ಷ್ಮ ಆಜ್ಞೆಗಳೆಲ್ಲವೂ ಹೈಪರ್‌ವೈಸರಿನ ಗಮನಕ್ಕೆ ತಾವಾಗಿ ಬರುವಂತಿರಬೇಕು ಎಂದು ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ 1974ರ ತಮ್ಮ ಪ್ರಬಂಧದಲ್ಲಿ ನಿರೂಪಿಸಿದ್ದರು. ಪೆಂಟಿಯಂ ಪ್ರೊಸೆಸರಿನಲ್ಲಿ ಈ ನಿಯಮವನ್ನು ಮೀರುವ ಹದಿನೇಳು ಆಜ್ಞೆಗಳಿವೆ ಎಂಬುದನ್ನು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ಪಟ್ಟಿಮಾಡಿ ತೋರಿಸಿತು.

ಆ ಅಡ್ಡಿಯನ್ನು ದಾಟುವ ದಾರಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಬಂದಿತು. ಅಲ್ಲಿ ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ಅವರ ವಿದ್ಯಾರ್ಥಿಗಳಾದ ಎಡ್ವರ್ಡ್ ಬುನ್ಯಾನ್, ಸ್ಕಾಟ್ ಡಿವೈನ್ ಅವರು 1997ರಲ್ಲಿ ಡಿಸ್ಕೊ ಎಂಬ ಸಂಶೋಧನಾ ಹೈಪರ್‌ವೈಸರನ್ನು ಪ್ರಕಟಿಸಿದರು. ಮರುವರ್ಷ ಅವರೊಡನೆ ಡಯಾನ್ ಗ್ರೀನ್ ಮತ್ತು ಎಲೆನ್ ವಾಂಗ್ ಸೇರಿ ವಿಎಂವೇರ್ ಕಂಪನಿಯನ್ನು ಸ್ಥಾಪಿಸಿದರು. ತೊಡಕಿನ ಆಜ್ಞೆಗಳನ್ನು ನಡೆಯುವ ಹೊತ್ತಿನಲ್ಲೇ ಸುರಕ್ಷಿತ ಆಜ್ಞೆಗಳಾಗಿ ಬದಲಿಸುವ ಬೈನರಿ ಅನುವಾದದ ತಂತ್ರವನ್ನು ಬಳಸಿದ ಅವರ ಮೊದಲ ಉತ್ಪನ್ನ 1999ರಲ್ಲಿ ಮೇಜಿನ ಕಂಪ್ಯೂಟರುಗಳಿಗೆಂದು ಬಂದಿತು. ಸರ್ವರುಗಳಿಗೆಂದು ಜಿಎಸ್ಎಕ್ಸ್ ಮತ್ತು ಇಎಸ್ಎಕ್ಸ್ ಎಂಬ ಎರಡು ಉತ್ಪನ್ನಗಳು 2001ರಲ್ಲಿ ಹೊರಬಂದವು. ಇವುಗಳಲ್ಲಿ ಇಎಸ್ಎಕ್ಸ್ ಬೇರೊಂದು ಆಪರೇಟಿಂಗ್ ಸಿಸ್ಟಂನ ಆಸರೆ ಬೇಡದೆ ನೇರವಾಗಿ ಯಂತ್ರದ ಮೇಲೆ ನಡೆಯುವ ಹೈಪರ್‌ವೈಸರ್. ಆದರೆ ಅದರ ಆಡಳಿತ ಆಯಾ ಸರ್ವರಿಗೆ ಸೀಮಿತವಾಗಿತ್ತು: ಪ್ರತಿ ಸರ್ವರಿಗೂ ತನ್ನದೇ ಬ್ರೌಸರ್ ಪುಟ, ತನ್ನದೇ ಬಳಕೆದಾರರ ಪಟ್ಟಿ, ತನ್ನದೇ ಲಿನಕ್ಸ್ ಆಧಾರಿತ ಕನ್ಸೋಲ್. ಇಪ್ಪತ್ತು ಸರ್ವರುಗಳಿದ್ದ ಕಡೆ ಆಡಳಿತಗಾರ ಇಪ್ಪತ್ತು ಬಾರಿ ಲಾಗಿನ್ ಆಗಬೇಕಾಗಿತ್ತು, ಮತ್ತು ಯಾವ ವರ್ಚುವಲ್ ಮಷಿನ್ ಯಾವ ಸರ್ವರಿನಲ್ಲಿದೆ ಎಂಬುದನ್ನು ತಾನೇ ಲೆಕ್ಕವಿಟ್ಟುಕೊಳ್ಳಬೇಕಾಗಿತ್ತು.

ನೋಡುವ ಕೇಂದ್ರ, ಸಾಗಿಸುವ ಕೇಂದ್ರ

ವರ್ಚುವಲ್‌ಸೆಂಟರಿನ ರಚನೆ ಈ ಕೊರತೆಗೆ ನೇರ ಉತ್ತರವಾಗಿತ್ತು. ವಿಂಡೋಸ್ ಸರ್ವರಿನ ಮೇಲೆ ನಡೆಯುವ ಒಂದು ಕೇಂದ್ರ ಸೇವೆ, ಅದರ ಹಿಂದೆ ಆರೇಕಲ್ ಅಥವಾ ಮೈಕ್ರೊಸಾಫ್ಟ್ ಎಸ್‌ಕ್ಯುಎಲ್ ಸರ್ವರ್ ಡೇಟಾಬೇಸ್, ಆಡಳಿತಗಾರನ ಮೇಜಿನ ಮೇಲೊಂದು ಕ್ಲೈಂಟ್, ಮತ್ತು ಪ್ರತಿಯೊಂದು ಹೈಪರ್‌ವೈಸರಿನ ಒಳಗೆ ಕೇಂದ್ರದ ಆಜ್ಞೆಗಳನ್ನು ಪಡೆದು ಜಾರಿಗೆ ತರುವ ಏಜೆಂಟ್ ಎಂಬ ಸಣ್ಣ ಪ್ರೋಗ್ರಾಂ, ಇವಿಷ್ಟು ಅದರ ಅಂಗಗಳು. ಮೊದಲ ಆವೃತ್ತಿಯಲ್ಲಿ ಸರ್ವರುಗಳನ್ನು ಫಾರ್ಮ್ ಎಂಬ ಗುಂಪುಗಳಲ್ಲಿ ಜೋಡಿಸಲಾಗುತ್ತಿತ್ತು; ಮುಂದೆ ಡೇಟಾ ಸೆಂಟರ್, ಕ್ಲಸ್ಟರ್, ರಿಸೋರ್ಸ್ ಪೂಲ್ ಎಂಬ ಶ್ರೇಣಿಗಳು ಬಂದವು. ಒಂದು ಮಾದರಿ ವರ್ಚುವಲ್ ಮಷಿನ್ನನ್ನು ಟೆಂಪ್ಲೇಟ್ ಆಗಿ ಉಳಿಸಿಕೊಂಡು ಅದರಿಂದ ಹೊಸ ಮಷಿನ್‌ಗಳನ್ನು ನಕಲು ತೆಗೆಯುವ ಸೌಲಭ್ಯವಿದ್ದುದರಿಂದ, ಖರೀದಿ, ಸಾಗಣೆ, ಜೋಡಣೆಗಳೆಂದು ವಾರಗಟ್ಟಲೆ ಹಿಡಿಯುತ್ತಿದ್ದ ಹೊಸ ಸರ್ವರಿನ ಸಿದ್ಧತೆ ಕೆಲವು ನಿಮಿಷಗಳ ಕೆಲಸವಾಯಿತು. ಅದೇ ಸೌಲಭ್ಯ, ಯಾರೂ ಲೆಕ್ಕವಿಡದೆ ವರ್ಚುವಲ್ ಮಷಿನ್‌ಗಳು ಬೆಳೆಯುತ್ತಲೇ ಹೋಗುವ ಹೊಸ ಸಮಸ್ಯೆಯನ್ನೂ ಡೇಟಾ ಸೆಂಟರುಗಳಿಗೆ ತಂದಿತು.

ಇಷ್ಟರಲ್ಲೇ ನಿಂತಿದ್ದರೆ ವರ್ಚುವಲ್‌ಸೆಂಟರ್ ಒಂದು ಅನುಕೂಲದ ಕನ್ಸೋಲ್ ಆಗಿ ಉಳಿಯುತ್ತಿತ್ತು. ಅದರೊಂದಿಗೇ ಬಂದ ವಿ-ಮೋಶನ್ ಎಂಬ ಸೌಲಭ್ಯ ಅದನ್ನು ಅನಿವಾರ್ಯವಾಗಿಸಿತು. ನಡೆಯುತ್ತಿರುವ ವರ್ಚುವಲ್ ಮಷಿನ್ನನ್ನು ನಿಲ್ಲಿಸದೆಯೇ ಒಂದು ಭೌತಿಕ ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವ ಈ ವಿಧಾನದಲ್ಲಿ, ಮಷಿನ್ನಿನ ಡಿಸ್ಕು ಎರಡೂ ಸರ್ವರುಗಳಿಗೆ ಸಮಾನವಾಗಿ ಎಟುಕುವ ಸಂಗ್ರಹ ವ್ಯವಸ್ಥೆಯಲ್ಲಿರುತ್ತದೆ. ಮೊದಲು ಅದರ ಮೆಮೊರಿಯ ಪುಟಗಳೆಲ್ಲವನ್ನೂ ನೆಟ್‌ವರ್ಕಿನ ಮೂಲಕ ನಕಲು ಮಾಡಿ, ಆ ನಕಲು ನಡೆಯುವಾಗ ಬದಲಾದ ಪುಟಗಳನ್ನು ಮತ್ತೊಂದು ಸುತ್ತಿನಲ್ಲಿ, ಆ ಸುತ್ತಿನಲ್ಲಿ ಬದಲಾದವನ್ನು ಇನ್ನೊಂದು ಸುತ್ತಿನಲ್ಲಿ ಕಳುಹಿಸುತ್ತ, ಉಳಿಕೆ ಸಾಕಷ್ಟು ಚಿಕ್ಕದಾದಾಗ ಮಷಿನ್ನನ್ನು ಕ್ಷಣಕಾಲ ತಡೆಹಿಡಿದು ಕೊನೆಯ ಪುಟಗಳನ್ನೂ ಪ್ರೊಸೆಸರಿನ ಸ್ಥಿತಿಯನ್ನೂ ದಾಟಿಸಿ, ಹೊಸ ಸ್ಥಳದಲ್ಲಿ ಮುಂದುವರಿಸಲಾಗುತ್ತದೆ. ಆ ಬಳಿಕ ಮಷಿನ್ನಿನ ವಿಳಾಸ ಈಗ ಬೇರೆ ಕಡೆಯಿದೆ ಎಂಬ ಸೂಚನೆ ನೆಟ್‌ವರ್ಕಿನ ಸ್ವಿಚ್ಚುಗಳಿಗೆ ಹೋಗುತ್ತದೆ. ಸರ್ವರಿನ ದುರಸ್ತಿಗೆಂದು ರಾತ್ರಿ ಅಥವಾ ಭಾನುವಾರ ಸೇವೆಯನ್ನು ನಿಲ್ಲಿಸುವ ಪದ್ಧತಿಯನ್ನು ಕೈಬಿಡಲು ಇದರಿಂದ ಸಾಧ್ಯವಾಯಿತು. ಎರಡು ಸರ್ವರುಗಳ ಮೇಲೂ ಅಧಿಕಾರವಿರುವ ಮೂರನೆಯದೊಂದು ಘಟಕ ಸಾಗಣೆಯನ್ನು ನಿಯಂತ್ರಿಸಬೇಕಾಗಿದ್ದುದರಿಂದ, ವಿ-ಮೋಶನ್ ಬೇಕೆಂದವರಿಗೆ ವರ್ಚುವಲ್‌ಸೆಂಟರ್ ಬೇಕೇ ಬೇಕಾಯಿತು. ವರ್ಚುವಲ್‌ಸೆಂಟರ್ ಬಂದ 2003ರ ಕೊನೆಗೇ ಸಂಗ್ರಹ ಸಾಧನಗಳ ಕಂಪನಿಯಾದ ಇಎಂಸಿ ಸುಮಾರು 63.5 ಕೋಟಿ ಡಾಲರಿಗೆ ವಿಎಂವೇರನ್ನು ಕೊಳ್ಳುವುದಾಗಿ ಪ್ರಕಟಿಸಿತು.

ತೀರ್ಮಾನಿಸುವ ಕೇಂದ್ರ

2006ರ ಜೂನ್‌ನಲ್ಲಿ ಬಂದ ವರ್ಚುವಲ್‌ಸೆಂಟರ್ 2.0ರಿಂದ ಈ ಇತಿಹಾಸದ ಎರಡನೆಯ ಘಟ್ಟ ಆರಂಭವಾಗುತ್ತದೆ. ಅದುವರೆಗೆ ಯಾವ ಮಷಿನ್ ಎಲ್ಲಿರಬೇಕೆಂಬುದನ್ನು ಮನುಷ್ಯ ನಿರ್ಧರಿಸುತ್ತಿದ್ದ, ಕೇಂದ್ರ ಜಾರಿಗೆ ತರುತ್ತಿತ್ತು. ಇನ್ನು ಮುಂದೆ ನಿರ್ಧಾರವನ್ನೂ ಕೇಂದ್ರವೇ ಮಾಡಬಹುದಾಯಿತು. ಡಿಆರ್‌ಎಸ್ ಎಂಬ ಸಂಕ್ಷಿಪ್ತ ಹೆಸರಿನ ಹಂಚಿಕೆ ವ್ಯವಸ್ಥೆ ಐದು ನಿಮಿಷಕ್ಕೊಮ್ಮೆ ಕ್ಲಸ್ಟರಿನ, ಅಂದರೆ ಒಟ್ಟಾಗಿ ದುಡಿಯುವಂತೆ ಜೋಡಿಸಿದ ಸರ್ವರುಗಳ ಗುಂಪಿನ, ಹೊರೆಯನ್ನು ಅಳೆದು, ಸರ್ವರುಗಳ ನಡುವೆ ಅಸಮತೋಲನ ಮಿತಿಮೀರಿದ್ದರೆ ಯಾವ ಮಷಿನ್ನನ್ನು ಎಲ್ಲಿಗೆ ಸಾಗಿಸಿದರೆ ಸರಿಹೋದೀತೆಂದು ಲೆಕ್ಕಹಾಕುತ್ತಿತ್ತು. ಈ ಅಧಿಕಾರವನ್ನು ಒಮ್ಮೆಲೇ ಯಂತ್ರಕ್ಕೆ ಬಿಟ್ಟುಕೊಡಲು ಆಡಳಿತಗಾರರು ಹಿಂಜರಿಯಬಹುದೆಂಬುದನ್ನು ವಿನ್ಯಾಸಕಾರರು ಊಹಿಸಿದಂತಿದೆ. ಸಲಹೆಯನ್ನು ಮಾತ್ರ ಕೊಡುವ ವಿಧಾನ, ಮಷಿನ್ ಆರಂಭವಾಗುವಾಗ ಮಾತ್ರ ಸ್ಥಳವನ್ನು ತಾನೇ ಆರಿಸುವ ವಿಧಾನ, ಎಲ್ಲವನ್ನೂ ತಾನೇ ನಡೆಸುವ ವಿಧಾನ ಎಂದು ಮೂರು ಮಟ್ಟಗಳನ್ನಿಟ್ಟು, ಮೂರನೆಯದರಲ್ಲಿಯೂ ಎಷ್ಟು ಲಾಭವಿದ್ದರೆ ಸಾಗಿಸಬೇಕೆಂಬುದಕ್ಕೆ ಐದು ಹಂತಗಳ ಅಳತೆಯನ್ನು ಒದಗಿಸಲಾಗಿತ್ತು. ಎರಡು ಮಷಿನ್‌ಗಳು ಸದಾ ಒಂದೇ ಸರ್ವರಿನಲ್ಲಿರಬೇಕು, ಅಥವಾ ಎಂದಿಗೂ ಒಂದೇ ಸರ್ವರಿನಲ್ಲಿರಬಾರದು ಎಂಬ ಕಟ್ಟಳೆಗಳನ್ನೂ ಆಡಳಿತಗಾರ ವಿಧಿಸಬಹುದಿತ್ತು. ಹೀಗೆ ಅವನ ಕೆಲಸ ಯಂತ್ರಗಳನ್ನು ನಡೆಸುವುದರಿಂದ ಯಂತ್ರಗಳು ಪಾಲಿಸಬೇಕಾದ ನಿಯಮಗಳನ್ನು ಬರೆಯುವುದರ ಕಡೆಗೆ ಸರಿಯಿತು.

ಅದೇ ಆವೃತ್ತಿಯಲ್ಲಿ ಬಂದ ಎಚ್‌ಎ ಎಂಬ ಸೌಲಭ್ಯ, ಒಂದು ಭೌತಿಕ ಸರ್ವರ್ ಕೆಟ್ಟು ನಿಂತಾಗ ಅದರ ಮೇಲಿದ್ದ ವರ್ಚುವಲ್ ಮಷಿನ್‌ಗಳನ್ನು ಉಳಿದ ಸರ್ವರುಗಳಲ್ಲಿ ತಾನಾಗಿ ಮತ್ತೆ ಆರಂಭಿಸುತ್ತಿತ್ತು. ಇಲ್ಲಿ ವಿನ್ಯಾಸಕಾರರು ತೆಗೆದುಕೊಂಡ ನಿಲುವು ಡಿಆರ್‌ಎಸ್‌ಗೆ ನೇರ ವಿರುದ್ಧವಾದುದು. ಡಿಆರ್‌ಎಸ್‌ನ ಲೆಕ್ಕಾಚಾರ ಕೇಂದ್ರದಲ್ಲಿ ನಡೆದರೆ, ಎಚ್‌ಎಯನ್ನು ಕೇಂದ್ರ ವ್ಯವಸ್ಥೆಗೊಳಿಸುತ್ತಿತ್ತಷ್ಟೆ. ಆಪತ್ತಿನ ಹೊತ್ತಿನಲ್ಲಿ ಕೆಲಸ ಮಾಡುವ ಹೊಣೆ ಸರ್ವರುಗಳಲ್ಲಿದ್ದ ಏಜೆಂಟುಗಳದೇ ಆಗಿತ್ತು, ಏಕೆಂದರೆ ಕೆಟ್ಟುಹೋದ ಸರ್ವರಿನ ಮೇಲೆಯೇ ವರ್ಚುವಲ್‌ಸೆಂಟರ್ ಇದ್ದಿರಲೂಬಹುದು. ಇಎಂಸಿ ಕೊಂಡಿದ್ದ ಲೆಗಾಟೊ ಕಂಪನಿಯ ತಂತ್ರಾಂಶವನ್ನು ಆಧರಿಸಿದ್ದ ಆ ಮೊದಲ ಎಚ್‌ಎಯಲ್ಲಿ ಒಂದು ಕ್ಲಸ್ಟರಿನ ಮೊದಲ ಐದು ಸರ್ವರುಗಳು ಪ್ರಧಾನವೆನಿಸಿಕೊಳ್ಳುತ್ತಿದ್ದವು, ಮತ್ತು ಅವುಗಳಲ್ಲಿ ಒಂದಾದರೂ ಉಳಿದಿದ್ದರೆ ಮಾತ್ರ ಮರು ಆರಂಭ ಸಾಧ್ಯವಿತ್ತು. ಹಲವು ತೆಳು ಸರ್ವರುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಜೋಡಿಸುವ ಬ್ಲೇಡ್ ಸರ್ವರುಗಳು ಜನಪ್ರಿಯವಾದಾಗ, ಐದೂ ಪ್ರಧಾನ ಸರ್ವರುಗಳು ಒಂದೇ ಪೆಟ್ಟಿಗೆಯಲ್ಲಿದ್ದು ಆ ಪೆಟ್ಟಿಗೆಯೇ ಕೆಟ್ಟರೆ ಇಡೀ ಏರ್ಪಾಟು ನಿಷ್ಫಲವಾಗುವ ಅಪಾಯವನ್ನು ಬಲ್ಲವರು ತಮ್ಮ ಕ್ಲಸ್ಟರುಗಳನ್ನು ಬೇರೆ ಬೇರೆ ಪೆಟ್ಟಿಗೆಗಳಿಗೆ ಹರಡಿ ಕಟ್ಟುತ್ತಿದ್ದರು. 2011ರ ಐದನೆಯ ಆವೃತ್ತಿಯಲ್ಲಿ ಈ ರಚನೆಯನ್ನು ಪೂರ್ತಿಯಾಗಿ ಕೈಬಿಟ್ಟು, ಸರ್ವರುಗಳು ತಮ್ಮೊಳಗೇ ಒಂದನ್ನು ಮುಖ್ಯಸ್ಥನಾಗಿ ಆರಿಸಿಕೊಳ್ಳುವ, ಅದು ಕೆಟ್ಟರೆ ಮತ್ತೊಂದನ್ನು ಆರಿಸುವ ವ್ಯವಸ್ಥೆಯನ್ನು ತರಲಾಯಿತು. ನೆಟ್‌ವರ್ಕ್ ಕಡಿದುಹೋದ ಸರ್ವರನ್ನು ನಿಜವಾಗಿ ಸತ್ತ ಸರ್ವರಿನಿಂದ ಪ್ರತ್ಯೇಕಿಸಲು, ಎಲ್ಲಕ್ಕೂ ಸಮಾನವಾದ ಸಂಗ್ರಹ ವ್ಯವಸ್ಥೆಯಲ್ಲಿ ಪ್ರತಿ ಸರ್ವರೂ ತಾನಿರುವ ಗುರುತನ್ನು ಮೂಡಿಸುವ ವಿಧಾನವೂ ಸೇರಿತು.

ಹೈಪರ್‌ವೈಸರ್ ಮತ್ತು ವಿ-ಸೆಂಟರುಗಳನ್ನು ಒಳಗೊಂಡ ವಿಎಂವೇರಿನ ಕಟ್ಟಾದ ವಿ-ಸ್ಫಿಯರ್‌ನ 2009ರ ನಾಲ್ಕನೆಯ ಆವೃತ್ತಿಯೊಂದಿಗೆ ಬಂದ ಹರಡಿದ ಸ್ವಿಚ್ಚಿನಲ್ಲಿಯೂ ಇದೇ ವಿಭಜನೆ ಇದೆ. ಅದುವರೆಗೆ ಪ್ರತಿ ಸರ್ವರಿನ ಒಳಗೂ ಪ್ರತ್ಯೇಕವಾಗಿ ರೂಪಿಸಬೇಕಾಗಿದ್ದ ವರ್ಚುವಲ್ ಸ್ವಿಚ್ಚನ್ನು ಈಗ ಕೇಂದ್ರದಲ್ಲಿ ಒಮ್ಮೆ ರೂಪಿಸಿದರೆ ಸಾಕಾಯಿತು. ಆದರೆ ಡೇಟಾ ಹರಿಯುವ ದಾರಿ ಆಯಾ ಸರ್ವರಿನಲ್ಲಿಯೇ ಉಳಿದುದರಿಂದ, ವಿ-ಸೆಂಟರ್ ನಿಂತುಹೋದರೂ ಸಂಚಾರ ನಿಲ್ಲುತ್ತಿರಲಿಲ್ಲ, ಅದರ ರಚನೆಯನ್ನು ಬದಲಿಸಲು ಮಾತ್ರ ಆಗುತ್ತಿರಲಿಲ್ಲ. ದೊಡ್ಡ ದೇವಾಲಯದ ಪಾರುಪತ್ಯಗಾರ ಊರಿನಲ್ಲಿಲ್ಲದ ದಿನವೂ ನಿತ್ಯಪೂಜೆ ನಡೆದು, ಹೊಸ ಸೇವೆಗೆ ಮಾತ್ರ ಅಪ್ಪಣೆ ಸಿಗದಿರುವಂತೆ, ನಡೆಯುತ್ತಿರುವುದನ್ನು ಕೇಂದ್ರದ ಅಳಿವು ತಟ್ಟಬಾರದು, ಬದಲಾವಣೆಗೆ ಕೇಂದ್ರದ ಒಪ್ಪಿಗೆ ಬೇಕು ಎಂಬ ಸೂತ್ರ ಈ ಹೊತ್ತಿಗೆ ಸ್ಥಿರಗೊಂಡಿತು.

ಬೇರೆ ದಾರಿಗಳು

ಇದೇ ಪ್ರಶ್ನೆಗೆ ಬೇರೆಯವರು ಬೇರೆ ಉತ್ತರಗಳನ್ನು ಕೊಟ್ಟರು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2003ರಲ್ಲಿ ಪ್ರಕಟವಾದ ಜೆನ್ ಹೈಪರ್‌ವೈಸರನ್ನು ಆಧರಿಸಿದ ಜೆನ್‌ಸರ್ವರಿನಲ್ಲಿ ಪ್ರತ್ಯೇಕ ಆಡಳಿತ ಸರ್ವರಿಲ್ಲ. ಗುಂಪಿನ ಒಂದು ಸರ್ವರೇ ಮುಖ್ಯಸ್ಥನಾಗಿ ಕೆಲಸ ಮಾಡುತ್ತದೆ, ಜೆನ್‌ಸೆಂಟರ್ ಎಂಬುದು ಅದನ್ನು ಮಾತನಾಡಿಸುವ ಕ್ಲೈಂಟ್ ಮಾತ್ರ. ಆವಿ ಕಿವಿಟಿ ಬರೆದ ಕೆವಿಎಂ 2007ರಲ್ಲಿ ಲಿನಕ್ಸ್ ಕರ್ನಲಿನ ಭಾಗವಾದ ಮೇಲೆ, ಅದನ್ನು ಬೆಳೆಸಿದ ಕುಮ್ರಾನೆಟ್ ಕಂಪನಿಯನ್ನು ರೆಡ್ ಹ್ಯಾಟ್ 2008ರಲ್ಲಿ ಕೊಂಡು, ಅದರ ಆಡಳಿತ ತಂತ್ರಾಂಶವನ್ನು ಮುಂದೆ ಓವರ್ಟ್ ಎಂಬ ಮುಕ್ತ ಯೋಜನೆಯಾಗಿಸಿತು. ಲಿನಕ್ಸ್ ಕಂಪನಿಯೊಂದರ ಕೈಗೆ ಬಂದ ಆ ತಂತ್ರಾಂಶ ಮೊದಲಲ್ಲಿ ವಿಂಡೋಸ್ ಮೇಲೆ ಮಾತ್ರ ನಡೆಯುತ್ತಿದ್ದುದರಿಂದ ಅದನ್ನು ಜಾವಾ ಭಾಷೆಯಲ್ಲಿ ಮತ್ತೆ ಕಟ್ಟಬೇಕಾಯಿತು. ಮೈಕ್ರೊಸಾಫ್ಟ್ 2008ರಲ್ಲಿ ಹೈಪರ್-ವಿ ಹೈಪರ್‌ವೈಸರನ್ನು ಹೊರತಂದು, ತನ್ನ ಸಿಸ್ಟಂ ಸೆಂಟರ್ ಕುಟುಂಬದ ಆಡಳಿತ ತಂತ್ರಾಂಶದಿಂದ ವಿಎಂವೇರಿನ ಸರ್ವರುಗಳನ್ನೂ ನೋಡಿಕೊಳ್ಳಬಹುದೆಂದು ಸಾರಿತಾದರೂ, ಅದಕ್ಕೂ ನಡುವೆ ವರ್ಚುವಲ್‌ಸೆಂಟರ್ ಬೇಕಾಗುತ್ತಿತ್ತು. ಅದೇ ವರ್ಷ ವಿಯೆನ್ನಾದಿಂದ ಬಂದ ಪ್ರಾಕ್ಸ್‌ಮಾಕ್ಸ್, ಮುಂದಿನ ಆವೃತ್ತಿಗಳಲ್ಲಿ, ಕ್ಲಸ್ಟರಿನ ಎಲ್ಲ ಸರ್ವರುಗಳೂ ಸಮಾನವಾಗಿದ್ದು ವ್ಯವಸ್ಥೆಯ ವಿವರಗಳ ಪ್ರತಿ ಎಲ್ಲದರಲ್ಲೂ ಇರುವಂತೆ ಮಾಡಿ, ಯಾವ ಸರ್ವರಿನ ಪುಟವನ್ನು ತೆರೆದರೂ ಇಡೀ ಕ್ಲಸ್ಟರನ್ನು ಆಳಬಹುದಾದ ರಚನೆಗೆ ಬಂದಿತು.

ಬೆಂಗಳೂರಿಗೂ ಈ ಇತಿಹಾಸಕ್ಕೂ ಎರಡು ಬಗೆಯ ನಂಟಿದೆ. ವಿಎಂವೇರ್, ಸಿಟ್ರಿಕ್ಸ್, ರೆಡ್ ಹ್ಯಾಟ್, ನುಟಾನಿಕ್ಸ್ ಮುಂತಾದ ಕಂಪನಿಗಳು ನಗರದಲ್ಲಿ ಅಭಿವೃದ್ಧಿ ಕೇಂದ್ರಗಳನ್ನು ತೆರೆದು ತಮ್ಮ ತಂತ್ರಾಂಶಗಳ ಭಾಗಗಳನ್ನು ಅಲ್ಲಿ ಬರೆಸಿದ್ದು ಒಂದು. ವಿಪ್ರೊ, ಇನ್ಫೊಸಿಸ್‌ನಂಥ ಕಂಪನಿಗಳು ಪರದೇಶದ ಗ್ರಾಹಕರ ಡೇಟಾ ಸೆಂಟರುಗಳನ್ನು ದೂರದಿಂದಲೇ ನೋಡಿಕೊಳ್ಳುವ ಸೇವೆಯನ್ನು ಬೆಳೆಸಿದ್ದು ಇನ್ನೊಂದು. ಯಂತ್ರದ ಮುಂದೆ ನಿಂತು ಮಾಡಬೇಕಾಗಿದ್ದ ಕೆಲಸದ ಬಹುಪಾಲು ಕೇಂದ್ರ ಕನ್ಸೋಲಿಗೆ ಬಂದಿರದಿದ್ದರೆ ಆ ಸೇವೆ ಈಗಿನ ರೂಪದಲ್ಲಿ ಬೆಳೆಯುವುದು ಕಷ್ಟವಿತ್ತು.

ಕೇಂದ್ರವನ್ನು ಕಾಯುವುದು

ಅಧಿಕಾರ ಒಂದೆಡೆ ಸೇರಿದಂತೆ ಅದನ್ನು ಕಾಯುವ ಚಿಂತೆಯೂ ಬೆಳೆಯಿತು. ವಿ-ಸೆಂಟರನ್ನೇ ಒಂದು ವರ್ಚುವಲ್ ಮಷಿನ್ ಆಗಿ, ಅದು ಆಳುವ ಕ್ಲಸ್ಟರಿನ ಮೇಲೆಯೇ ನಡೆಸುವುದು ವಾಡಿಕೆಯಾದಾಗ ಒಂದು ವಿಚಿತ್ರ ಸ್ಥಿತಿ ಒದಗಿತು: ಅದು ನಿಂತುಹೋದರೆ, ಅದು ಯಾವ ಸರ್ವರಿನಲ್ಲಿತ್ತೆಂದು ಹೇಳಬೇಕಾದದ್ದೂ ಅದೇ ಆಗಿದ್ದರಿಂದ, ಆಡಳಿತಗಾರ ಒಂದೊಂದಾಗಿ ಸರ್ವರುಗಳಿಗೆ ಲಾಗಿನ್ ಆಗಿ ಅದನ್ನು ಹುಡುಕಬೇಕಾಗುತ್ತಿತ್ತು. 2011ರಲ್ಲಿ ವಿಂಡೋಸ್ ಬೇಡದ, ಲಿನಕ್ಸ್ ಮೇಲೆ ಸಿದ್ಧವಾಗಿ ಬರುವ ಅಪ್ಲಯನ್ಸ್ ರೂಪವೊಂದು ಸೇರಿತು, 2016ರ 6.5 ಆವೃತ್ತಿಯಲ್ಲಿ ಅದರದೇ ಮೀಸಲು ಪ್ರತಿಯನ್ನು ಸಿದ್ಧವಾಗಿಡುವ ಏರ್ಪಾಟು ಬಂದಿತು. 2020ರ ಏಳನೆಯ ಆವೃತ್ತಿಯಿಂದ ವಿಂಡೋಸ್ ರೂಪ ನಿಂತೇಹೋಯಿತು. ಅದೇ ಏಳನೆಯ ಆವೃತ್ತಿಯಲ್ಲಿ ಡಿಆರ್‌ಎಸ್‌ನ ಲೆಕ್ಕಾಚಾರದ ಕ್ರಮವೂ ಬದಲಾಯಿತು: ಐದು ನಿಮಿಷಕ್ಕೆ ಬದಲು ನಿಮಿಷಕ್ಕೊಮ್ಮೆ, ಸರ್ವರುಗಳ ಹೊರೆ ಸಮವಾಗಿದೆಯೇ ಎಂದು ನೋಡುವ ಬದಲು ಒಂದೊಂದು ವರ್ಚುವಲ್ ಮಷಿನ್‌ಗೂ ಬೇಕಾದದ್ದು ಸಿಗುತ್ತಿದೆಯೇ ಎಂದು ನೋಡುವ ಕ್ರಮ ಬಂದಿತು. ಆ ವರ್ಷದ ಮೊದಲ ಪರಿಷ್ಕರಣೆಯಲ್ಲಿ, ಕ್ಲಸ್ಟರಿನ ಸೇವೆಗಳು ವಿ-ಸೆಂಟರನ್ನೇ ನೆಚ್ಚಿಕೊಂಡಿರದಂತೆ ಮಾಡುವ ಗುರಿಯಿಂದ ಪ್ರತಿ ಕ್ಲಸ್ಟರಿನಲ್ಲೂ ಪುಟ್ಟ ಸೇವಾ ಮಷಿನ್‌ಗಳನ್ನು ಇರಿಸುವ ಏರ್ಪಾಟು ಸೇರಿತು. ಹದಿನಾಲ್ಕು ವರ್ಷಗಳ ಹಿಂದೆ ಕೇಂದ್ರಕ್ಕೆ ಕೊಟ್ಟಿದ್ದ ಹೊಣೆಯನ್ನು ಮರಳಿ ಕ್ಲಸ್ಟರಿನ ಕಡೆಗೆ ಸರಿಸುವ ಮೊದಲ ಹೆಜ್ಜೆ ಅದು.

ಹೊರಗಿನಿಂದ ಬರುವ ಅಪಾಯ ಇನ್ನೂ ದೊಡ್ಡದು. 2021ರ ಫೆಬ್ರುವರಿ ಮತ್ತು ಮೇ ತಿಂಗಳುಗಳಲ್ಲಿ, ಗುಪ್ತಪದವಿಲ್ಲದೆಯೇ ನೆಟ್‌ವರ್ಕಿನ ಮೂಲಕ ವಿ-ಸೆಂಟರನ್ನು ವಶಪಡಿಸಿಕೊಳ್ಳಲು ಎಡೆಮಾಡುವ ಎರಡು ಭದ್ರತಾ ಲೋಪಗಳು ಬಹಿರಂಗವಾದವು. ಹತ್ತರ ಅಳತೆಯಲ್ಲಿ ಎರಡರ ತೀವ್ರತೆಯನ್ನೂ 9.8 ಎಂದು ಗುರುತಿಸಲಾಯಿತು. ಎರಡೂ ಲೋಪಗಳಿದ್ದದ್ದು ಮೂಲ ತಂತ್ರಾಂಶಕ್ಕೆ ಸೌಲಭ್ಯಗಳನ್ನು ಸೇರಿಸುವ ಪ್ಲಗಿನ್‌ಗಳಲ್ಲಿ. ಕೇಂದ್ರದ ಮೇಲೆ ಒಂದೊಂದು ಹೊಸ ಸೌಲಭ್ಯ ಕೂಡಿಕೊಂಡಾಗಲೂ ದಾಳಿಗೆ ಒಂದು ಬಾಗಿಲು ಹೆಚ್ಚುತ್ತದೆ, ಮತ್ತು ಕೇಂದ್ರವನ್ನು ಗೆದ್ದವರಿಗೆ ಅದರಡಿಯ ಎಲ್ಲ ಮಷಿನ್‌ಗಳೂ ಸಿಗುತ್ತವೆ. ಆಡಳಿತದ ಜಾಲವನ್ನು ಸಾಮಾನ್ಯ ಜಾಲದಿಂದ ಪ್ರತ್ಯೇಕಿಸಿಡಬೇಕೆಂಬ ಹಳೆಯ ಸಲಹೆ ಆ ವರ್ಷದ ಬಳಿಕ ಅನೇಕ ಸಂಸ್ಥೆಗಳಲ್ಲಿ ತುರ್ತಿನ ವಿಷಯವಾಯಿತು.

ತಾಂತ್ರಿಕ ರಕ್ಷಣೆ ಮುಟ್ಟಲಾರದ ಇನ್ನೊಂದು ಕೇಂದ್ರವೂ ಉಂಟು: ತಂತ್ರಾಂಶದ ಒಡೆತನ ಮತ್ತು ಅದನ್ನು ಬಳಸಲು ಕೊಡುವ ಅನುಮತಿ. 2008ರ ಆಗಸ್ಟ್ 12ರಂದು, ಪರೀಕ್ಷಾ ಪ್ರತಿಗಳ ಅವಧಿಯನ್ನು ಮುಗಿಸಲೆಂದು ಬರೆದ ಒಂದು ತುಣುಕು ಬಿಡುಗಡೆಯಾದ ಇಎಸ್ಎಕ್ಸ್ ಪರಿಷ್ಕರಣೆಯಲ್ಲಿ ಉಳಿದುಬಿಟ್ಟಿದ್ದರಿಂದ, ಆ ಪರಿಷ್ಕರಣೆಯನ್ನು ಹಾಕಿಕೊಂಡಿದ್ದ ಸರ್ವರುಗಳಲ್ಲಿ ಹೊಸದಾಗಿ ಮಷಿನ್‌ಗಳನ್ನು ಆರಂಭಿಸಲು ಸಾಧ್ಯವಾಗದೆ ಹೋಯಿತು. ನಡೆಯುತ್ತಿದ್ದವು ಮಾತ್ರ ನಡೆದವು. ಕಂಪನಿ ಕ್ಷಮೆ ಕೇಳಿ ಬೇಗನೆ ಸರಿಪಡಿಸಿತಾದರೂ, ತಮ್ಮದೇ ಕಟ್ಟಡದ ಯಂತ್ರಕ್ಕೆ ಅನುಮತಿ ಕೊಡುವ ಅಧಿಕಾರ ಬೇರೆಡೆ ಇದೆಯೆಂಬುದು ಗ್ರಾಹಕರಿಗೆ ಅಂದು ಸ್ಪಷ್ಟವಾಯಿತು. ಇಎಂಸಿಯಿಂದ ಡೆಲ್‌ಗೆ ಹೋಗಿ, 2021ರಲ್ಲಿ ಅದರಿಂದ ಬಿಡುಗಡೆಗೊಂಡ ವಿಎಂವೇರನ್ನು ಸುಮಾರು 6,100 ಕೋಟಿ ಡಾಲರಿಗೆ ಕೊಳ್ಳುವುದಾಗಿ ಬ್ರಾಡ್‌ಕಾಮ್ 2022ರ ಮೇ ತಿಂಗಳಲ್ಲಿ ಪ್ರಕಟಿಸಿ, 2023ರ ನವೆಂಬರ್ 22ರಂದು ಖರೀದಿಯನ್ನು ಮುಗಿಸಿತು. ಮರುತಿಂಗಳೇ ಶಾಶ್ವತ ಲೈಸೆನ್ಸುಗಳ ಮಾರಾಟವನ್ನು ನಿಲ್ಲಿಸಿ, ಉತ್ಪನ್ನಗಳನ್ನು ಕೆಲವೇ ಕಟ್ಟುಗಳಾಗಿ ಒಟ್ಟುಗೂಡಿಸಿ, ಚಂದಾ ಪದ್ಧತಿಯಲ್ಲಿ ಮಾತ್ರ ಕೊಡಲು ತೊಡಗಿತು. ಪ್ರಾಕ್ಸ್‌ಮಾಕ್ಸ್, ನುಟಾನಿಕ್ಸ್, ಹೈಪರ್-ವಿ, ಓಪನ್‌ಸ್ಟ್ಯಾಕ್‌ಗಳ ಕಡೆಗೆ ಅನೇಕ ಸಂಸ್ಥೆಗಳು ಮತ್ತೆ ಕಣ್ಣು ಹಾಯಿಸಿದ್ದು ಇದರ ನಂತರವೇ.

ಹಾಗೆ ಹೊರಡಲು ಬಯಸಿದವರಿಗೆ ಹೈಪರ್‌ವೈಸರನ್ನು ಬದಲಿಸುವುದು ಅಷ್ಟು ಕಷ್ಟದ ಕೆಲಸವಾಗಿರಲಿಲ್ಲ. ವರ್ಚುವಲ್ ಮಷಿನ್ನಿನ ಡಿಸ್ಕನ್ನು ಒಂದು ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸುವ ಉಪಕರಣಗಳು ಬಹುಕಾಲದಿಂದ ಇವೆ. ಕಷ್ಟವಾದದ್ದು ಆಡಳಿತದ ಪದರವನ್ನು ಬಿಡುವುದು, ಏಕೆಂದರೆ ಹಂಚಿಕೆಯ ನಿಯಮಗಳು, ಅಧಿಕಾರದ ಶ್ರೇಣಿಗಳು, ಬ್ಯಾಕಪ್ ತಂತ್ರಾಂಶದ ಜೋಡಣೆ, ಸ್ವಯಂಚಾಲನೆಗೆಂದು ಬರೆದ ಸ್ಕ್ರಿಪ್ಟುಗಳು, ಸಿಬ್ಬಂದಿಯ ತರಬೇತಿ ಎಲ್ಲವೂ ವರ್ಷಗಳಿಂದ ವಿ-ಸೆಂಟರಿನ ಸುತ್ತಲೇ ಬೆಳೆದಿದ್ದವು. ಕೇಂದ್ರ ಅಳಿದರೂ ಯಂತ್ರಗಳು ನಡೆಯುವಂತೆ ಮಾಡುವಲ್ಲಿ ಎರಡು ದಶಕಗಳ ಎಂಜಿನಿಯರಿಂಗ್ ಬಹುಮಟ್ಟಿಗೆ ಗೆದ್ದಿತು. ಕೇಂದ್ರವನ್ನು ಬದಲಿಸಿಯೂ ಸಂಸ್ಥೆಗಳು ನಡೆಯುವಂತೆ ಮಾಡುವುದು ಅದರ ಗುರಿಗಳಲ್ಲಿ ಸೇರಿರಲಿಲ್ಲ, ಮತ್ತು ಈಗ ಆ ಕೆಲಸ ಬಳಕೆದಾರರ ಪಾಲಿಗೆ ಬಂದಿದೆ.